ಮಂಜಪ್ಪನವರಿಗೆ ಮಾತು ಬಂದದ್ದು

ಶಿರಸಿಯ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹೆಗ್ಗರಣೆಯ ಮಂಜಪ್ಪ ನಾಯ್ಕರು ಹುಟ್ಟು ಮೂಗರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕಳೆದ ಮೇ ತಿಂಗಳಲ್ಲಿ ಯಲ್ಲಾಪುರ ತಾಲೂಕಿನ ಅರ್ಧದಷ್ಟು ಜನ ಹಾಗೆಂದೇ ನಂಬಿದ್ದರು. ಉಳಿದರ್ಧ ಜನರಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಎಲ್ಲ ಶುರುವಾದದ್ದು ಅಂಗಡಿಯ ಬೋರ್ಡಿನಿಂದ. ಪೇಂಟರು 'ಝೆರಾಕ್ಸ್, ಲ್ಯಾಮಿನೇಶನ್, ಅರ್ಜಿ ಬರೆಯುವುದು' ಎಂದು ಬರೆದು ಮುಗಿಸಿದಾಗ ಕೆಳಗೆ ಒಂದು ಗೇಣು ಜಾಗ ಉಳಿಯಿತು. ಖಾಲಿ ಬಿಟ್ಟರೆ ಬೋಳು ಕಾಣುತ್ತದೆ, ಏನಾದರೂ ಹೇಳಿ ಎಂದರು ಪೇಂಟರು. ಮಂಜಪ್ಪನವರು ಒಂದು ಕ್ಷಣ ಯೋಚಿಸಿ, 'ಎಲ್ಲ ಭಾಷೆಗಳಿಂದ ಎಲ್ಲ ಭಾಷೆಗಳಿಗೆ ಅನುವಾದ ಮಾಡಿಕೊಡಲಾಗುವುದು' ಎಂದು ಹೇಳಿದರು. ಸಾಲು ಜಾಗಕ್ಕೆ ಸರಿಯಾಗಿ ಕೂತಿತು. ಎರಡು ವರ್ಷ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಒಮ್ಮೆ ಯಾರೋ ತಮಿಳು ಮದುವೆ ಕಾಗದ ಹಿಡಿದು ಬಂದಿದ್ದರು. ಮಂಜಪ್ಪನವರು ಮಷಿನ್ ರಿಪೇರಿಗೆ ಹೋಗಿದೆ ಎಂದು ಹೇಳಿ ಕಳಿಸಿದರು.

ಮೇ ತಿಂಗಳ ಮೊದಲ ವಾರ ಬೆಂಗಳೂರಿನ ಕಾಲೇಜೊಂದರ ನಾಲ್ಕು ಮಂದಿ ವಿದ್ಯಾರ್ಥಿಗಳು ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಆ ಬೋರ್ಡಿನ ಕೆಳಗೆ ನಿಂತರು. ಅವರಿಗೆ ಮುಂದಾಳು ಜೆಸಿಂತಾ ಎಂಬ ಹುಡುಗಿ. ದಪ್ಪ ಕನ್ನಡಕ, ಕೈಯಲ್ಲಿ ನೋಟ್‌ಬುಕ್ಕು. ಅವರ ಕಾಲೇಜಿನ ಕ್ರೈಸ್ತ ಯುವಸಂಘದವರು ಪ್ರತಿ ಬೇಸಿಗೆ ರಜೆಯಲ್ಲಿ ಎಲ್ಲಾದರೂ ಸೇವೆಗೆ ಹೋಗುತ್ತಾರೆ. ಈ ವರ್ಷ ಯಲ್ಲಾಪುರದ ಕಾಡಿನಂಚಿನ ಹಲಸಿನಕೊಪ್ಪಕ್ಕೆ ಹತ್ತು ದಿನ. ಅಲ್ಲಿರುವವರು ತಲೆಮಾರುಗಳಿಂದ ಇಗರ್ಜಿಗೆ ನಡೆದುಕೊಳ್ಳುವ ಸಿದ್ದಿ ಜನ, ಮನೆಮಾತು ಕೊಂಕಣಿ. ಮಕ್ಕಳಿಗೆ ಪಾಠ, ಆಟ. ಜೊತೆಗೆ ಮುದುಕಿಯರ ಪ್ರಾರ್ಥನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. ದಾರಿ ತೋರಿಸಬೇಕಿದ್ದ ಇಗರ್ಜಿಯ ಮೇಷ್ಟ್ರು ಕಾಮಾಲೆಯಾಗಿ ಮಲಗಿಬಿಟ್ಟಿದ್ದರು.

"ಅಂಕಲ್, ನಿಮಗೆ ಅವರ ಕೊಂಕಣಿ ಬರುತ್ತಾ?" ಎಂದಳು ಜೆಸಿಂತಾ.

ಬರುವುದಿಲ್ಲ ಎನ್ನಲು ಮಂಜಪ್ಪನವರು ಬಾಯಿ ತೆರೆದದ್ದು ನಿಜ. ಆದರೆ ಪಕ್ಕದ ಚಹಾದಂಗಡಿಯ ಶಫಿ ಗ್ಲಾಸು ತೊಳೆಯುತ್ತ ಅಲ್ಲಿಂದಲೇ ಕೂಗಿದ, "ಮಂಜಪ್ಪಣ್ಣಂಗೆ ಬರೂದಿಲ್ಲದ ಭಾಷೆ ಯಾವ್ದದೆ ಕೇಳ್ರಿ! ನಮ್ಮ ಉರ್ದು ನನಗಿಂತ ಚೆಂದ ಮಾತಾಡ್ತಾನೆ!" ಶಫಿಗೆ ಮಂಜಪ್ಪನವರ ಉರ್ದು ಎಷ್ಟೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಪಕ್ಕದ ಅಂಗಡಿಯವನಾಗಿ ಒಂದು ಕರ್ತವ್ಯ ಎಂಬುದಿರುತ್ತದಲ್ಲ. ಇಷ್ಟಾದ ಮೇಲೆ ಬರುವುದಿಲ್ಲ ಎಂದರೆ ಶಫಿಯನ್ನು ಸುಳ್ಳುಗಾರನನ್ನಾಗಿ ಮಾಡಿದಂತಾಗುತ್ತದೆ. ಮಂಜಪ್ಪನವರು ಸ್ನೇಹಕ್ಕೆ ಬೆಲೆ ಕೊಡುವವರು. "ಬರ್ತದೆ" ಎಂದರು.

ಜೆಸಿಂತಾ ಒಂದು ನಿಯಮ ವಿವರಿಸಿದಳು. "ಅವರಿಗೆ ಕನ್ನಡ ಚೆನ್ನಾಗೇ ಬರುತ್ತೆ ಅಂಕಲ್. ಅದೇ ಪ್ರಾಬ್ಲಮ್ಮು. ಹೋದವರೆಲ್ಲ ಅವರ ಜೊತೆ ಕನ್ನಡದಲ್ಲೇ ಮಾತಾಡಿ ಅವರ ಭಾಷೆ ಹಿಂದೆ ಬೀಳ್ತಿದೆ. ಅದಕ್ಕೆ ನಾವು ಹತ್ತು ದಿನ ಅವರೆದುರು ಒಂದೂ ಕನ್ನಡ ಪದ ಆಡಲ್ಲ ಅಂತ ಸಂಕಲ್ಪ ಮಾಡಿದೀವಿ. ಹೇಳೋದಿದ್ರೆ ನಿಮ್ಮ ಕಿವಿಯಲ್ಲಿ ಮೆಲ್ಲಗೆ ಹೇಳ್ತೀವಿ. ನೀವು ಅವರ ಭಾಷೆಯಲ್ಲಿ ಹೇಳಿ. ನೀವೂ ಕನ್ನಡ ಆಡಬಾರದು."

ಮನೆಯಲ್ಲಿ ಹೆಂಡತಿ ನೇತ್ರಾ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತ ಒಂದೇ ಪ್ರಶ್ನೆ ಕೇಳಿದರು.

"ನಿಮಗೆ ಎಂತ ಕೊಂಕಣಿ ಬತ್ತದೆ?"

"ಮೀನು ಮಾರ್ಕೆಟ್ಟಲ್ಲಿ ಇಷ್ಟು ವರ್ಷ ಮಾತಾಡಿದ್ದು ಎಂತದು ಹಂಗಾರೆ?"

ನೇತ್ರಾ ಚೀಲದ ಜಿಪ್ ಎಳೆದರು.

ಹಲಸಿನಕೊಪ್ಪದಲ್ಲಿ ಮಾವಿನ ಮರದ ಕೆಳಗೆ ಐದು ಪ್ಲಾಸ್ಟಿಕ್ ಕುರ್ಚಿ ಹಾಕಿ ಜನ ಕಾಯುತ್ತಿದ್ದರು. ಊರಿನ ಹಿರಿಯಳು ಮರ್ಯಾಣಬಾಯಿ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಕೊರಳಲ್ಲಿ ಶಿಲುಬೆ. ಊರಲ್ಲಿ ಪ್ರಾರ್ಥನೆ ಹೇಳಿಸುವವಳೂ ಅವಳೇ, ನಾಟಿ ಔಷಧಿ ಕೊಡುವವಳೂ ಅವಳೇ.

"ಬರ್ರಿ ಮಕ್ಕಳೇ, ಇಂಥ ಬಿಸಿಲಲ್ಲಿ ನಡ್ಕಂಡು ಬಂದ್ರಿ. ಕೂತ್ಕಳ್ರಿ. ಆಸರಿಗೆ ಎಂತ ಕುಡೀತ್ರಿ?" ಎಂದು ಅವಳು ಕನ್ನಡದಲ್ಲಿ ಕೇಳಿದಳು.

ನಾಲ್ಕು ಮಂದಿಯೂ ಕೈಮುಗಿದು ಮಂದಹಾಸ ಬೀರಿದರು. ಯಾರೂ ತುಟಿ ಬಿಚ್ಚಲಿಲ್ಲ. ಜೆಸಿಂತಾ ಮಂಜಪ್ಪನವರ ಕಿವಿಗೆ ಬಾಯಿಟ್ಟು, "ನಾವು ಕಲಿಸೋಕೆ ಬಂದಿಲ್ಲ, ನಿಮ್ಮಿಂದ ಕಲಿಯೋಕೆ ಬಂದಿದೀವಿ ಅಂತ ಹೇಳಿ" ಎಂದು ಪಿಸುಗುಟ್ಟಿದಳು.

ಮಂಜಪ್ಪನವರು ಎದ್ದು ನಿಂತರು. ಗಂಟಲು ಸರಿ ಮಾಡಿಕೊಂಡರು. ನಲವತ್ತು ಜನ ಅವರ ಬಾಯನ್ನೇ ನೋಡುತ್ತಿದ್ದರು.

"ಬರೆಂ," ಎಂದರು. ಚೆನ್ನಾಗಿದೆ ಎಂಬರ್ಥದ ಈ ಒಂದು ಮಾತು ಅವರಿಗೆ ಖಂಡಿತ ಗೊತ್ತಿತ್ತು. "ಬರೆಂ. ಆಮಿ... ಬಾಂಗಡೆ. ಆಮಿ ತಾರಲೆ. ತಾರಲೆ, ಇಸ್ವಾಣ... ಬರೆಂ, ಬರೆಂ." ಕೂತರು.

ಹೊರಗಿನಿಂದ ಬಂದ ಒಬ್ಬ ಗಂಡಸು ಎದ್ದು ನಿಂತು ತಾವೆಲ್ಲ ಬಂಗುಡೆ ಮೀನೆಂದೂ ಬೂತಾಯಿ ಮೀನೆಂದೂ ಗಂಭೀರವಾಗಿ ಹೇಳಿಕೊಂಡದ್ದು ಆ ಊರಿನ ಇತಿಹಾಸದಲ್ಲಿ ಅದೇ ಮೊದಲು.

ಮರ್ಯಾಣಬಾಯಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಕ್ಕಳು ಕಿವಿಗೆ ಬಾಯಿಟ್ಟು ಹೇಳುತ್ತಿದ್ದಾರೆ, ಅಂದರೆ ಕಿವಿ ಕೇಳಿಸದು. ಬಾಯಿಂದ ಬರುವುದು ತೊದಲಿದ ಮೀನಿನ ಹೆಸರೇ ಹೊರತು ಮಾತಲ್ಲ, ಅಂದರೆ ಮೂಗ. ಮಕ್ಕಳು ಒಂದಕ್ಷರ ಆಡುತ್ತಿಲ್ಲ, ಅಂದರೆ ಈ ಪಾಪದವನಿಗೋಸ್ಕರ ಮೌನವ್ರತ ಹಿಡಿದಿದ್ದಾರೆ. ಇದಿಷ್ಟನ್ನೂ ಅವಳು ಸುತ್ತಲಿನ ಹೆಂಗಸರಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳಿದಳು. ಒಂದಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏನಂದ್ರು ಅಂಕಲ್?" ಎಂದು ಜೆಸಿಂತಾ ಪಿಸುಗುಟ್ಟಿದಳು.

"ನಮ್ಮ ದಾರಿಯನ್ನೇ ಕಾಯ್ತಿದ್ರಂತೆ," ಎಂದು ಮಂಜಪ್ಪನವರು ಅವಳ ಕಿವಿಗೆ ಹೇಳಿದರು. "ಖುಷಿಗೆ ಕಣ್ಣಲ್ಲಿ ನೀರು ಬಂದದೆ, ನೋಡಿ ಬೇಕಾದ್ರೆ."

ಜೆಸಿಂತಾ ನೋಡಿದಳು. ನೀರು ಬಂದಿತ್ತು. ಬರೆದುಕೊಂಡಳು.

ಅಂದಿನಿಂದ ಮಂಜಪ್ಪನವರಿಗೆ ನಡೆದ ಉಪಚಾರ ದೊಡ್ಡದು. ಊಟದ ಹೊತ್ತಿಗೆ ಯಾರಾದರೊಬ್ಬರು ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಹೊಸಿಲು ಬಂದರೆ ಕಾಲನ್ನು ಮುಟ್ಟಿ ತೋರಿಸುತ್ತಿದ್ದರು. ಪಾಪ, ಬಾಯಿಬಿಟ್ಟು ಮೀನು ಕೇಳಿದ್ದಾನೆಂದು ಮನೆಮನೆಯವರು ಅಟ್ಟದಿಂದ ಒಣಮೀನು ಇಳಿಸಿ ಸುಟ್ಟು ಬಡಿಸಿದರು. ಸಣ್ಣ ಮಕ್ಕಳೂ ಅವರೆದುರು ಕೈಸನ್ನೆಯಲ್ಲೇ ಆಡುತ್ತಿದ್ದವು. ದುಭಾಷಿಗಳಿಗೆ ಈ ಸೀಮೆಯಲ್ಲಿ ಇಷ್ಟು ಗೌರವ ಇದೆಯೆಂದು ಗೊತ್ತಿದ್ದರೆ ಝೆರಾಕ್ಸ್ ಮಷಿನ್ ಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲವಲ್ಲ ಎಂದು ಮಂಜಪ್ಪನವರಿಗೆ ಅನ್ನಿಸಿತು.

ಜೆಸಿಂತಾಳ ಪದಪಟ್ಟಿಯೂ ಬೆಳೆಯಿತು. ಗುಡ್ಡ ತೋರಿಸಿ ಇದಕ್ಕೇನಂತಾರೆ ಎಂದರೆ ಮಂಜಪ್ಪನವರು ಮೀನು ಮಾರ್ಕೆಟ್ಟನ್ನು ನೆನೆದು "ಶೇವಟೆ" ಎನ್ನುತ್ತಿದ್ದರು. ಆಕಾಶಕ್ಕೆ "ಪಾಪ್ಲೇಟ್". ತಾಯಿಯ ಪ್ರೀತಿಗೆ ಏನೆಂದು ಕೇಳಿದಾಗ ಮಾತ್ರ ಸ್ವಲ್ಪ ತಡವರಿಸಿ "ಸುಂಗಟಾ" ಎಂದರು. ಅದು ಸಿಗಡಿ.

ಮೂರನೆಯ ದಿನ ಬೆಳಿಗ್ಗೆ ಮರ್ಯಾಣಬಾಯಿ ಒಂದು ತಂಬಿಗೆ ಕಪ್ಪು ಕಷಾಯ ತಂದು ಮಂಜಪ್ಪನವರ ಎದುರು ಹಿಡಿದಳು. ಯಾವುದೋ ಬೇರು, ನಾಲಗೆ ತಿರುಗದವರಿಗೆ ಅವಳು ಕೊಡುತ್ತಿದ್ದ ಔಷಧಿ.

"ಏನಂಕಲ್ ಇದು?" ಎಂದು ಜೆಸಿಂತಾ ಪಿಸುಗುಟ್ಟಿದಳು.

"ದೊಡ್ಡ ಅತಿಥಿಗಳಿಗೆ ಮಾತ್ರ ಕೊಡೂ ಪಾನಕ."

"ಹಾಗಾದ್ರೆ ನಾವು ಕುಡೀದೇ ಇದ್ರೆ ಅವರಿಗೆ ಬೇಜಾರಾಗುತ್ತೆ," ಎಂದು ಜೆಸಿಂತಾ ನಾಲ್ಕು ಲೋಟ ತಂದಳು. ಐವರೂ ಕುಡಿದರು. ಆ ದಿನದ ಪಾಠ, ಆಟ, ಭಜನೆ ಯಾವುದೂ ನಡೆಯಲಿಲ್ಲ. ಸಂಜೆಯವರೆಗೆ ಐದು ಮಂದಿ ಐದು ದಿಕ್ಕಿನ ಪೊದೆಗಳಲ್ಲಿದ್ದರು. ಮಕ್ಕಳು ಆ ಮೂಗನ ಔಷಧಿಯಲ್ಲೂ ಪಾಲು ತಗೊಂಡರಲ್ಲ, ಎಂಥ ಮನಸ್ಸು ಎಂದು ಊರೇ ಹೊಗಳಿತು.

ಮರುದಿನ ಭಾನುವಾರ. ಇಗರ್ಜಿಯ ಹೆಂಚು ಇಳಿಸಿದ್ದರಿಂದ ಪ್ರಾರ್ಥನೆ ಮಾವಿನ ಮರದ ಕೆಳಗೆ. ಮರ್ಯಾಣಬಾಯಿ ಮಂಜಪ್ಪನವರನ್ನು ನಟ್ಟನಡುವೆ ಕುರ್ಚಿಯಲ್ಲಿ ಕೂರಿಸಿದಳು. ಹೆಂಗಸರು ಸುತ್ತ ನೆರೆದು ಕೈಚಾಚಿ ಪ್ರಾರ್ಥನೆ ಶುರುಮಾಡಿದರು. ವಿದ್ಯಾರ್ಥಿಗಳಲ್ಲಿ ಅಲ್ವಿನ್ ಎಂಬವನು ಕಾಲೇಜಿಗೆ ತೋರಿಸಲೆಂದು ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ. ದುಭಾಷಿಗೆ ಸನ್ಮಾನ ನಡೆಯುತ್ತಿದೆ ಎಂದು ಮಂಜಪ್ಪನವರು ಕಣ್ಮುಚ್ಚಿ ಎರಡೂ ಕೈ ಮುಗಿದು ಕೂತಿದ್ದರು.

ಆ ಕುರ್ಚಿಯ ನೇರ ಮೇಲೆ, ಮಾವಿನ ಎಲೆ ಹೊಲಿದು ಚಗಳಿ ಇರುವೆಗಳು ಗೂಡು ಕಟ್ಟಿದ್ದವು. ಚಗಳಿ ಎಂಬ ಕೆಂಪಿರುವೆಯ ಚಟ್ನಿ ರುಚಿಯಾದದ್ದು. ಆದರೆ ಅದು ತಾನಾಗಿ ಮೈಮೇಲೆ ಬಂದರೆ ಬೇರೆ ವಿಷಯ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹತ್ತಿಪ್ಪತ್ತು ಇರುವೆಗಳು ಕಾಲರಿನಿಂದ ಒಳಗಿಳಿದು, ಬೆಲ್ಟು ದಾಟಿ, ಮುಂದಿನ ಪ್ರಯಾಣಕ್ಕೆ ಹೊರಟಿದ್ದವು.

"ಅಯ್ಯಯ್ಯೋ ಸತ್ತೆ!" ಎಂದು ಮಂಜಪ್ಪನವರು ಕುರ್ಚಿಯಿಂದ ಎರಡಡಿ ಮೇಲೆ ಹಾರಿದರು. "ಚಗಳಿ! ಚಗಳಿ ಹೊಕ್ತು ಮಾರಾಯ್ರ! ಪ್ಯಾಂಟೊಳಗೆ ಹೊಕ್ತು! ಬರ್ರೋ ಯಾರಾದ್ರೂ!"

ಉಚ್ಚಾರ ಸ್ಫುಟವಾಗಿತ್ತು. ಒಂದೂ ಅಕ್ಷರ ತೊದಲಲಿಲ್ಲ. ಇಡೀ ಹಲಸಿನಕೊಪ್ಪ ಒಟ್ಟಿಗೆ ಮೊಣಕಾಲೂರಿತು. ಮರ್ಯಾಣಬಾಯಿ ಎರಡೂ ಕೈ ಮೇಲೆತ್ತಿದಳು. ಜೆಸಿಂತಾ ಒಬ್ಬಳೇ ಎದ್ದು ಬಂದು, ಕುಣಿಯುತ್ತಿದ್ದ ಮಂಜಪ್ಪನವರ ಕಿವಿಯನ್ನು ಹುಡುಕಿ ಕೋಪದಿಂದ ಪಿಸುಗುಟ್ಟಿದಳು: "ಅಂಕಲ್! ಕನ್ನಡ!"

ಅಲ್ವಿನ್‌ನ ವಿಡಿಯೋ ಊರಿನ ಹುಡುಗಿಯೊಬ್ಬಳ ಫೋನಿಗೆ ಹೋಯಿತು, ಅಲ್ಲಿಂದ ಯಲ್ಲಾಪುರಕ್ಕೆ, ಅಲ್ಲಿಂದ ತಾಲೂಕಿಗೆ, ಕೊನೆಗೆ ಶಿರಸಿಗೂ. 'ಹುಟ್ಟು ಮೂಗನಿಗೆ ಮಾತು ಬಂತು. ಮೊದಲ ಮಾತು: ಚಗಳಿ' ಎಂದು ಮೇಲೆ ಬರೆದಿತ್ತು.

ಸೋಮವಾರ ಬೆಳಿಗ್ಗೆ ಶಿರಸಿಯಲ್ಲಿ ಶಫಿ ಅಂಗಡಿ ಅರ್ಧಕ್ಕೆ ಬಿಟ್ಟು ಮಂಜಪ್ಪನವರ ಮನೆಗೆ ಓಡಿ ಬಂದ.

"ಅಕ್ಕಾ, ಅಣ್ಣ ಹುಟ್ಟಾ ಮೂಗ ಆಗಿದ್ನಂತೆ. ಈಗ ಮಾತು ಬಂತಂತೆ."

ನೇತ್ರಾ ಅವನ ಫೋನಿನಲ್ಲಿ ವಿಡಿಯೋವನ್ನು ಎರಡು ಸಲ ನೋಡಿದರು. ಗಂಡ ಕುಣಿಯುತ್ತಿರುವುದು ನಿಜ. ದನಿಯೂ ಅವರದೇ. "ಹಂಗಾರೆ ಇಷ್ಟು ವರ್ಷ ಮನೇಲಿ ನನ್ನ ಹತ್ರ ಬಾಯಿ ಮಾಡಿದ್ದು ಯಾರು?" ಎಂದರು. "ನಡಿ, ನೋಡ್ಕಂಡು ಬಪ್ಪ," ಎಂದು ಶಫಿಯ ಬೈಕು ಹತ್ತಿದರು.

ಅವರು ಮುಟ್ಟುವ ಹೊತ್ತಿಗೆ ಹಲಸಿನಕೊಪ್ಪದಲ್ಲಿ ನಾಲ್ಕು ಜೀಪು ನಿಂತಿದ್ದವು. ಮುಂಡಗೋಡದ ಕಡೆಯ ಒಬ್ಬರು ಪಂಜರ ಸಮೇತ ಗಿಳಿ ತಂದಿದ್ದರು. ಎರಡು ವರ್ಷವಾದರೂ 'ಅಮ್ಮಾ' ಎನ್ನುವುದಿಲ್ಲವಂತೆ. ಒಬ್ಬಳು ಅತ್ತೆ ತನ್ನ ಸೊಸೆಯನ್ನು ಕರೆತಂದಿದ್ದಳು. ಮಾತು ಬರಿಸಲು ಅಲ್ಲ. ಬಂದದ್ದನ್ನು ಸ್ವಲ್ಪ ಕಮ್ಮಿ ಮಾಡಲು ಆಗುತ್ತದೆಯೇ ಎಂದು ಕೇಳಲು. ತಾವು ಮೂಗರಾಗಿದ್ದ ಸಂಗತಿ ಮಂಜಪ್ಪನವರಿಗೆ ತಿಳಿದದ್ದು ಈ ಜೀಪಿನವರಿಂದಲೇ. ಅಲ್ಲಿಂದ ಅವರ ಸ್ಥಿತಿ ಕಠಿಣವಾಯಿತು. ಬಾಯಿಬಿಟ್ಟರೆ ಜನ ಕೈಮುಗಿಯುತ್ತಿದ್ದರು. ಬಾಯಿ ಮುಚ್ಚಿದರೆ, ಮಾತು ವಾಪಸು ಹೋಯಿತೆಂದು ಮರ್ಯಾಣಬಾಯಿ ಕಷಾಯದ ತಂಬಿಗೆ ತರುತ್ತಿದ್ದಳು.

"ಅಂಕಲ್, ಇವರೆಲ್ಲ ನಿಮ್ಮನ್ನ ಮೂಗ ಅಂತಿದಾರಲ್ಲ?" ಎಂದು ಜೆಸಿಂತಾ ಪಿಸುದನಿಯಲ್ಲಿ ವಿಚಾರಿಸಿದಳು.

"ಇವರ ಭಾಷೇಲಿ ಮೂಗ ಅಂದ್ರೆ ಪಂಡಿತ."

ಅದನ್ನೂ ಅವಳು ಬರೆದುಕೊಂಡಳು. ಮೀನಲ್ಲದ ಪದ ಅದೊಂದೇ.

ಹನ್ನೊಂದು ಗಂಟೆಗೆ ಪೊಲೀಸ್ ಪೇದೆ ಕಲ್ಲಯ್ಯ ಬೈಕಿನಲ್ಲಿ ಬಂದರು. ಹಾವೇರಿ ಕಡೆಯವರು, ಬಿಸಿಲಿಗೆ ಬೆವೆತಿದ್ದರು. ಹೊರಗಿನವರು ಬಂದು ಪವಾಡ ತೋರಿಸಿ ಜನ ಸೇರಿಸುತ್ತಿದ್ದಾರೆಂದು ಯಾರೋ ಠಾಣೆಗೆ ಫೋನು ಮಾಡಿದ್ದರಂತೆ.

"ಪವಾಡ ಮಾಡಿದಾವ್ರು ಯಾರ್ರೀ? ಮುಂದ ಬರ್ರಿ."

ಯಾರೂ ಬರಲಿಲ್ಲ. ಜನ ವಿದ್ಯಾರ್ಥಿಗಳ ಕಡೆ ನೋಡಿದರು. ಕಲ್ಲಯ್ಯ ನಿಟ್ಟುಸಿರು ಬಿಟ್ಟು ಕಾಗದ ತೆಗೆದರು. "ನೋಡವಾ ತಂಗಿ, ಕೇಸ್ ಆತಂದ್ರ ಕಾಲೇಜಿಗೆ ಕಾಗದ ಹೋಗ್ತದ. ಪರೀಕ್ಷೆ, ನೌಕರಿ ಎಲ್ಲಾದ್ಕೂ ತ್ರಾಸ ಆಗ್ತದ. ಏನ್ ಮಾಡಿದಿ ಹೇಳು."

ಜೆಸಿಂತಾಳ ಮುಖ ಬಿಳಿಚಿತು. ಸಂಕಲ್ಪ ಮರೆತುಹೋಯಿತು. "ಸರ್, ನಾವು ಏನೂ ಮಾಡಿಲ್ಲ ಸರ್! ಮಕ್ಕಳಿಗೆ ಪಾಠ ಹೇಳೋಕೆ ಬಂದವರು ಸರ್!" ಎಂದು ಗಟ್ಟಿಯಾಗಿ ಕನ್ನಡದಲ್ಲಿ ಅತ್ತೇಬಿಟ್ಟಳು.

ಮರ್ಯಾಣಬಾಯಿ ಅವಳ ಗಲ್ಲ ಹಿಡಿದು ಎತ್ತಿದಳು. "ಅಯ್ಯ ನನ್ನ ಮಗಾ, ನಿಂಗೂ ಮಾತು ಬಂತಾ!"

ಕಲ್ಲಯ್ಯ ಕಾಗದದ ಮೇಲೆ ಪವಾಡಗಳ ಸಂಖ್ಯೆ 'ಒಂದು' ಎಂದಿದ್ದನ್ನು ಹೊಡೆದು 'ಎರಡು' ಎಂದು ತಿದ್ದಿದರು. ಬಳಿಕ ಮಂಜಪ್ಪನವರತ್ತ ತಿರುಗಿದರು. "ಈಗ ನಿಮ್ಮ ಹೇಳಿಕಿ ಒಂದ ಮುಖ್ಯ ನೋಡ್ರಿ. ನೀವು ಮೂಗರಿದ್ರಿ ಅಂದ್ರ ಇದು ಪವಾಡ. ಈ ಹುಡುಗರನ್ನ ಕರ್ಕೊಂಡು ನಾ ಠಾಣೆಗೆ ಹೋಗಬೇಕು. ಇರಲಿಲ್ಲಂದ್ರ, ನಾಕ ದಿನ ಮೂಗರಂಗ ಯಾಕ ಇದ್ರಿ? ಅದನ್ನ ಹೇಳಬೇಕು."

ಮಂಜಪ್ಪನವರು ಸುತ್ತ ನೋಡಿದರು. ಒಂದು ಕಡೆ ಇಡೀ ಹಲಸಿನಕೊಪ್ಪ. ಒಂದು ಕಡೆ ನಾಲ್ಕು ಜೀಪಿನ ಜನ ಮತ್ತು ಗಿಳಿ. ಹಿಂದೆ ಶಫಿ. ಶಫಿಯ ಪಕ್ಕದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇತ್ರಾ. ಮೂಗನಾಗಿದ್ದೆ ಎಂದು ತಲೆಯಾಡಿಸಿದರೆ ಸಾಕಿತ್ತು, ಮಾನ ಉಳಿಯುತ್ತಿತ್ತು. ಆದರೆ ಎದುರಿಗೆ ಜೆಸಿಂತಾ ಇದ್ದಳು. ಕನ್ನಡಕ ಒದ್ದೆಯಾಗಿತ್ತು, ನೋಟ್‌ಬುಕ್ಕನ್ನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದಳು. ಅದರಲ್ಲಿ ಒಂದೂ ತಪ್ಪಾಗದಂತೆ ಅವಳು ಚೆಂದದ ಅಕ್ಷರದಲ್ಲಿ ಬರೆದದ್ದೆಲ್ಲ ಮೀನು.

"ನಾ ಮೂಗ ಅಲ್ಲ ಸಾರ್," ಎಂದರು ಮಂಜಪ್ಪನವರು. "ನಂಗೆ ಕೊಂಕಣಿ ಬರೂದಿಲ್ಲ."

ಕಲ್ಲಯ್ಯ ಬರೆಯುವುದನ್ನು ನಿಲ್ಲಿಸಿದರು. "ಒಟ್ಟ ಬರೂದಿಲ್ಲ?"

"ಮೀನಿನ ಹೆಸರು ಬರ್ತದೆ."

"ಎಷ್ಟು ಮೀನು?"

"ಹನ್ನೊಂದು."

"ಹೇಳ್ರಿ. ಹೇಳಿಕಿ ಪೂರ್ತಿ ಇರಬೇಕು."

ಮಂಜಪ್ಪನವರು ತಲೆತಗ್ಗಿಸಿಕೊಂಡು ಒಂದೊಂದಾಗಿ ಹೇಳಿದರು. ಬಾಂಗಡೆಯಿಂದ ಸುಂಗಟಾದವರೆಗೆ ಎಲ್ಲ ಸರಕಾರಿ ಕಾಗದದ ಮೇಲೆ ಏರಿದವು. 'ಸುಂಗಟಾ' ಬಂದಾಗ ಜೆಸಿಂತಾ ನೋಟ್‌ಬುಕ್ಕು ತೆರೆದು ಒಂದು ಹಾಳೆ ಹುಡುಕಿದಳು. ಅದರ ಮೇಲೆ ಬೆರಳಿಟ್ಟಳು. "ಅಂಕಲ್, ತಾಯಿಯ ಪ್ರೀತಿ?" ಎಂದಳು.

"ಸಿಗಡಿ," ಎಂದರು ಮಂಜಪ್ಪನವರು. "ತಪ್ಪಾಯ್ತು ಮಗಾ."

ಮೊದಲು ನಕ್ಕದ್ದು ಹಿಂದಿದ್ದ ಹೆಂಗಸರಲ್ಲಿ ಯಾರೋ. ಆಮೇಲೆ ಇಡೀ ಕೊಪ್ಪ. ನಗು ಜೀಪಿನವರಿಗೂ ಹಬ್ಬಿತು. ಮರ್ಯಾಣಬಾಯಿ ನಗಲಿಲ್ಲ. ಬಂದು ಜೆಸಿಂತಾಳ ಪಕ್ಕ ಕೂತು ನೋಟ್‌ಬುಕ್ಕಿನ ಹೊಸ ಹಾಳೆ ಮಗುಚಿದಳು. "ಬರ್ಕ ಮಗಾ, ನಾ ಹೇಳ್ತೆ. ನಿಂಗೆ ಎಂತ ಬೇಕೋ ಕನ್ನಡದಾಗೇ ಕೇಳು. ನಾವು ಕನ್ನಡ ಆಡಿದ್ರೆ ನಮ್ಮ ಮಾತು ಎಲ್ಲಿಗೂ ಓಡಿಹೋಗೂದಿಲ್ಲ. ಹೀಂಗೆ ಬಾಯಿ ಮುಚ್ಚಿ ಕೂತ್ರೆ ಮಾತ್ರ ಯಾರ ಮಾತೂ ಉಳಿಯೂದಿಲ್ಲ." ಮೊದಲು ನೀರಿಗೆ ಏನೆನ್ನುತ್ತಾರೆಂದು ಹೇಳಿದಳು. ಆಮೇಲೆ ತಾಯಿಗೆ. ಜೆಸಿಂತಾ ಮೂಗೊರೆಸಿಕೊಂಡು ಬರೆಯತೊಡಗಿದಳು.

ಕಲ್ಲಯ್ಯ ಹೇಳಿಕೆಯ ಕೆಳಗೆ ಮಂಜಪ್ಪನವರ ಸಹಿ ಹಾಕಿಸಿಕೊಂಡರು. "ಭಾಷಾ ಬರೂದಿಲ್ಲ ಅನ್ನೂದು ಅಪರಾಧ ಅಲ್ರಿ. ಪವಾಡ ಇಲ್ಲ, ಕೇಸ್ ಇಲ್ಲ," ಎಂದು ಜನರಿಗೆಲ್ಲ ಕೇಳುವಂತೆ ಹೇಳಿದರು. ಗಿಳಿಯವರು ಬೇಸರದಿಂದ ಪಂಜರ ಎತ್ತಿಕೊಂಡರು.

ಆಗ ಮರ್ಯಾಣಬಾಯಿ ತಲೆಯೆತ್ತಿದಳು. ಪವಾಡ ಇಲ್ಲ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ.

"ಇಲ್ಲ ಅಂದ್ರೆ ಹೆಂಗೆ ಸಾಹೇಬ್ರೆ? ಊರಿಗೆ ಊರೇ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ದು ಖಾಲಿ ಹೋತಾ? ಬಂದಾಗಿಂದ ಬರೀ ಸುಳ್ಳೇ ಹೇಳ್ತಿದ್ದ ಬಾಯಿ. ಈಗ ಇಷ್ಟು ಜನರ ಎದುರು, ಹೆಂಡ್ತಿ ಎದುರು, ಯಾರೂ ಹೊಡೀದೆ ಬಡೀದೆ ಖರೆ ಹೇಳ್ತು. ಇದು ಎಂತ ಸಣ್ಣದಾ?"

ಕಲ್ಲಯ್ಯನವರ ಪೆನ್ನು ಕಾಗದದ ಮೇಲೆ ನಿಂತಿತು. ಕಾನೂನಿನ ಪ್ರಕಾರ ಇದನ್ನು ಎಲ್ಲಿ ಸೇರಿಸಬೇಕೆಂದು ಅವರಿಗೆ ಹೊಳೆಯಲಿಲ್ಲ. ಅವರು ನೇತ್ರಾರ ಕಡೆ ತಿರುಗಿದರು. "ಏನ್ರೀ ತಾಯಿ, ಮನಿಯವ್ರು ನೀವು. ಇವ್ರು ಮೊದ್ಲೂ ಹಿಂಗ ಖರೇ ಒಪ್ಕೊಂಡಿದ್ದು ಐತೇನು? ಇದನ್ನ ಪವಾಡ ಅನ್ನಾಕ ಬರ್ತದೇನು?"

ನೇತ್ರಾ ಗಂಡನನ್ನು ನೋಡಿದರು. ಮಂಜಪ್ಪನವರು ನೆಲ ನೋಡುತ್ತಿದ್ದರು. ಕಿವಿಯೆರಡೂ ಚಗಳಿ ಕಚ್ಚಿ ಕೆಂಪಾಗಿದ್ದವು.

"ಮದುವೆಯಾಗಿ ಇಪ್ಪತ್ತೆರಡು ವರ್ಷ ಆತು ಸಾರ್," ಎಂದರು ನೇತ್ರಾ. "ನಾನಂತೂ ಕಂಡಿರಲಿಲ್ಲ. ಬರ್ಕಳಿ."